ಹತ್ತಿಯ ಧಾರಣೆ ಮತ್ತು ಪ್ರೇಮಚಂದ ರಾಯಚಂದರು

ಸುಗ್ಗಿ ಬಂತೆಂದರೆ ಹಂಸಭಾವಿ, ಹಿರೇಕೆರೂರು, ಹಾನಗಲ್ಲ ಭಾಗದ ರೈತ ಬಾಂಧವರು ಬೀಜ ಗೊಬ್ಬರದ ಮಾತು ಮುಗಿಸಿ ನಮ್ಮಂಥ ಕೃಷಿ ಸಿಬ್ಬಂದಿಯನ್ನು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. ಈ ಸಲ ಧಾರಣೆ ಏನಾದೀತು, ಈಗಲೇ ಮಾರಬೇಕೋ ಇನ್ನೆರಡು ತಿಂಗಳು ತಡೆಯಬೇಕೋ ಎಂಬುದೇ ಆ ಪ್ರಶ್ನೆ. ಕೃಷಿ ಪದವಿಯ ಪಾಠಗಳಲ್ಲಿ ಮಣ್ಣು, ಬೆಳೆ, ಕೀಟಗಳ ವಿಷಯ ಬೇಕಾದಷ್ಟಿತ್ತು. ಈ ಪ್ರಶ್ನೆಗೆ ಮಾತ್ರ ಅಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಉತ್ತರದ ಬದಲು, ಧಾರಣೆಯ ಗುಟ್ಟನ್ನು ತನ್ನ ಕಾಲದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಒಬ್ಬ ವ್ಯಾಪಾರಿಯ ಜೀವನವನ್ನು ಇಲ್ಲಿ ಹೇಳುತ್ತೇನೆ. ಅವರು ಮುಂಬಯಿಯ ಪ್ರೇಮಚಂದ ರಾಯಚಂದರು. ಅವರು ರೈತರಲ್ಲ, ನಮ್ಮ ಸೀಮೆಯವರೂ ಅಲ್ಲ. ಆದರೆ ಅವರು ಏರಿದಾಗ ನಮ್ಮ ಹಿರಿಯರ ಹತ್ತಿಯ ಧಾರಣೆಯೂ ಏರಿತ್ತು, ಅವರು ಬಿದ್ದಾಗ ಅದೂ ಬಿದ್ದಿತ್ತು.

ಸುರತದಿಂದ ಮುಂಬಯಿಗೆ

ಪ್ರೇಮಚಂದರು ಹುಟ್ಟಿದ್ದು 1831ರಲ್ಲಿ, ಗುಜರಾತದ ಸುರತದ ಒಂದು ಜೈನ ವ್ಯಾಪಾರಿ ಮನೆತನದಲ್ಲಿ. ತಂದೆ ರಾಯಚಂದ ದೀಪಚಂದರು, ತಾಯಿ ರಾಜಾಬಾಯಿ. ಆ ಕಾಲಕ್ಕೆ ಸುರತದ ವ್ಯಾಪಾರ ಇಳಿಮುಖವಾಗಿತ್ತು, ಮುಂಬಯಿ ಮೇಲೇರುತ್ತಿತ್ತು. ಹೊಟ್ಟೆಪಾಡು ಅರಸಿ ಕುಟುಂಬ ಮುಂಬಯಿಗೆ ಬಂತು.

ಹುಡುಗ ಅಲ್ಲಿ ಇಂಗ್ಲಿಷ್ ಕಲಿತ. ಈಗ ಇದು ದೊಡ್ಡ ಮಾತಲ್ಲ. ಆದರೆ ಆಗ ಮುಂಬಯಿಯ ದೇಶೀ ದಲಾಲರಲ್ಲಿ ಇಂಗ್ಲಿಷನ್ನು ಸಲೀಸಾಗಿ ಓದಿ, ಬರೆದು, ಮಾತಾಡಬಲ್ಲ ಮೊದಲಿಗರೆಂದು ಹೆಸರಾದವರು ಪ್ರೇಮಚಂದರೇ. ಬ್ಯಾಂಕಿನ ಸಾಹೇಬರೊಡನೆ ದುಭಾಷಿಯಿಲ್ಲದೆ ವ್ಯವಹರಿಸುವ ದಲಾಲನಿಗೆ ಎಷ್ಟು ಅನುಕೂಲವೆಂಬುದನ್ನು ಹೇಳಬೇಕಿಲ್ಲ. 1850ರ ನಂತರದ ವರ್ಷಗಳಲ್ಲಿ ಅವರು ಒಬ್ಬ ಹಿರಿಯ ದಲಾಲರ ಕೈಕೆಳಗೆ ಕೆಲಸ ಕಲಿತರು. ಆಗ ಶೇರು ದಲಾಲರಿಗೆ ಕಟ್ಟಡವಿರಲಿಲ್ಲ. ಟೌನ್ ಹಾಲಿನ ಮುಂದಿನ ಮರದ ನೆರಳೇ ಅವರ ಪೇಟೆ. ಪ್ರೇಮಚಂದರು ಲೆಕ್ಕವನ್ನು ಕಾಗದದ ಮೇಲಿಡುವುದಕ್ಕಿಂತ ತಲೆಯಲ್ಲಿಡುತ್ತಿದ್ದರೆಂದು ಪ್ರತೀತಿ. ಮೂವತ್ತು ತುಂಬುವುದರೊಳಗೆ ಹತ್ತಿ, ಹುಂಡಿ, ಶೇರು ಮೂರರಲ್ಲೂ ಅವರ ಮಾತಿಗೆ ತೂಕ ಬಂದಿತ್ತು.

ಆಗ ನಮ್ಮ ಸೀಮೆಯ ಹತ್ತಿ

ಅದೇ ವೇಳೆಗೆ ನಮ್ಮ ಕಡೆ ಏನು ನಡೆದಿತ್ತೆಂಬುದನ್ನು ನೋಡೋಣ. ಇಂದಿನ ಹಾವೇರಿ ಜಿಲ್ಲೆ ಆಗ ಧಾರವಾಡ ಜಿಲ್ಲೆಯ ಭಾಗ. ಹಿರೇಕೆರೂರು ಸೀಮೆಗೆ ಕೋಡ ತಾಲೂಕೆಂದು ಹೆಸರಿತ್ತು. ಎರೆ ಭೂಮಿಯಲ್ಲಿ ನಮ್ಮ ಹಿರಿಯರು ಬೆಳೆಯುತ್ತಿದ್ದುದು ಜವಾರಿ ಹತ್ತಿ. 1840ರ ನಂತರ ಕಲೆಕ್ಟರ್ ಶಾ ಅವರ ಆಸ್ಥೆಯಿಂದಲೂ, ಅಮೇರಿಕದಿಂದ ಕರೆಸಿದ ಬೆಳೆಗಾರ ಮರ್ಸರ್ ಅವರು ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ನಡೆಸಿದ ಪ್ರಯೋಗದಿಂದಲೂ ಅಮೇರಿಕನ್ ಹತ್ತಿ ಇಲ್ಲಿ ನೆಲೆಗೊಂಡಿತು. ರೈತರು ಅದನ್ನು ವಿಲಾಯತಿ ಹತ್ತಿ ಎಂದರು. ಲಿವರ್‌ಪೂಲ್ ಪೇಟೆ ಅದನ್ನು ಧಾರವಾಡದ ಹೆಸರಿನಿಂದಲೇ ಗುರುತಿಸಿತು. ಜವಾರಿ ಹತ್ತಿಗೆ ಕುಮಟಾ ಹತ್ತಿ ಎಂಬ ಹೆಸರು ಬಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಘಟ್ಟದ ಮೇಲಿನ ಹತ್ತಿ ಹಡಗು ಹತ್ತುತ್ತಿದ್ದ ಬಂದರು ಅದು, ಅಷ್ಟೇ.

ರೈಲು ಈ ಕಡೆ ಬಂದದ್ದು 1880ರ ನಂತರ. ಅಲ್ಲಿಯವರೆಗೆ ಹತ್ತಿಯ ಅಂಡಿಗೆಗಳು ಎತ್ತಿನ ಬೆನ್ನ ಮೇಲೆ, ಚಕ್ಕಡಿಗಳಲ್ಲಿ ಶಿರಸಿಗೆ ಹೋಗಿ, ದೇವಿಮನೆ ಘಟ್ಟ ಇಳಿದು ಕುಮಟೆ ಸೇರಬೇಕಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿ, ಮುಂಬಯಿಯಿಂದ ಲಿವರ್‌ಪೂಲ್. ಮಾಲು ಹೋಗಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು, ಅಲ್ಲಿಯ ಧಾರಣೆ ಇಲ್ಲಿಗೆ ತಿಳಿಯಲೂ ಬಹಳ ದಿನ ಹಿಡಿಯುತ್ತಿತ್ತು. ಇದರ ಮೇಲೆ, ಹತ್ತಿ ಒಡೆಯುವ ಮೊದಲೇ ಅನೇಕರು ಸಾವಕಾರರಿಂದ ಮುಂಗಡ ಪಡೆದಿರುತ್ತಿದ್ದರು. ಹೀಗಾಗಿ ಪೇಟೆಯಲ್ಲಿ ಧಾರಣೆ ಏರಿದ ಸುದ್ದಿ ಹೊಲಕ್ಕೆ ಬರುವ ಹೊತ್ತಿಗೆ ಮಾಲು ಎಷ್ಟೋ ಸಲ ರೈತನ ಕೈಬಿಟ್ಟಿರುತ್ತಿತ್ತು.

ಅಮೇರಿಕದ ಯುದ್ಧ

ಇಂಗ್ಲಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಅಮೇರಿಕದ ದಕ್ಷಿಣ ಸಂಸ್ಥಾನಗಳಿಂದ ಬರುತ್ತಿತ್ತು. 1861ರ ಏಪ್ರಿಲ್‌ನಲ್ಲಿ ಅಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಅಂತರ್ಯುದ್ಧ ಹತ್ತಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ನೌಕಾಪಡೆಯ ದಿಗ್ಬಂಧನ ಹಾಕಿದರು. ಹತ್ತಿ ಅಲ್ಲೇ ಉಳಿಯಿತು. ಇಂಗ್ಲಂಡಿನ ಲ್ಯಾಂಕಶೈರ್ ಸೀಮೆಯಲ್ಲಿ ಗಿರಣಿಗಳು ನಿಂತು ಕೂಲಿಕಾರರು ಉಪವಾಸ ಬಿದ್ದರು. ಆಗ ಎಲ್ಲರ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು.

ಯುದ್ಧಕ್ಕೆ ಮುಂಚೆ ಲಿವರ್‌ಪೂಲಿನಲ್ಲಿ ಪೌಂಡಿಗೆ ಐದಾರು ಪೆನ್ಸ್ ಇದ್ದ ಭಾರತದ ಹತ್ತಿ 1864ರಲ್ಲಿ ಇಪ್ಪತ್ತು ಪೆನ್ಸ್ ದಾಟಿತು. ಈ ನಾಲ್ಕೈದು ವರ್ಷಗಳಲ್ಲಿ ವಾಡಿಕೆಗಿಂತ ಸುಮಾರು 80 ಕೋಟಿ ರೂಪಾಯಿ ಹೆಚ್ಚಾಗಿ ಮುಂಬಯಿಗೆ ಹರಿದು ಬಂತೆಂದು ಆ ಕಾಲವನ್ನು ಬಲ್ಲವರು ಲೆಕ್ಕ ಹಾಕಿದ್ದಾರೆ. ಆ ಕಾಲದ ಕೋಟಿಗೆ ಎಷ್ಟು ಬೆಲೆಯಿತ್ತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಹತ್ತಿ ಬೆಳೆಯುವ ಕೆಲವು ಸೀಮೆಗಳಲ್ಲಿ ಒಕ್ಕಲಿಗರು ಚಕ್ಕಡಿ ಗಾಲಿಗೆ ಬೆಳ್ಳಿಯ ಹಳಿ ಹಾಕಿಸಿದರೆಂಬ ಮಾತು ಹುಟ್ಟಿದ್ದೂ ಆಗಲೇ.

ಧಾರಣೆಯೊಡನೆ ಕಲಬೆರಕೆಯೂ ಬೆಳೆಯಿತು. ವಿಲಾಯತಿ ಹತ್ತಿಯಲ್ಲಿ ಜವಾರಿ ಸೇರಿಸುವುದು, ಕಸ ಮತ್ತು ಬೀಜ ಉಳಿಸುವುದು, ತೂಕಕ್ಕೆ ನೀರು ಚಿಮುಕಿಸುವುದು ನಡೆಯಿತು. ಇದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು.

ಸುದ್ದಿಗೆ ಎದುರು ಹೋದ ದೋಣಿ

ಎಲ್ಲರಿಗೂ ಹತ್ತಿ ಸಿಗುತ್ತಿದ್ದಾಗ ಪ್ರೇಮಚಂದರು ಮಾತ್ರ ಹೇಗೆ ಎಲ್ಲರಿಗಿಂತ ಮೇಲೆ ಹೋದರು? ಅವರು ನಂಬಿದ್ದು ಎರಡು ಸಂಗತಿಗಳನ್ನು. ಒಂದು, ಹತ್ತಿ ಬೆಳೆಯುವ ಜಿಲ್ಲೆಗಳಿಗೆ ತಮ್ಮ ಜನರನ್ನು ಕಳಿಸಿ ಬೆಳೆ ಹೇಗಿದೆ, ಮಾಲು ಎಷ್ಟಿದೆ ಎಂಬುದನ್ನು ತಿಳಿದುಕೊಂಡು ಅಲ್ಲೇ ಖರೀದಿಸುವುದು. ಎರಡು, ಲಿವರ್‌ಪೂಲಿನ ಧಾರಣೆಯನ್ನು ಉಳಿದವರಿಗಿಂತ ಮೊದಲು ತಿಳಿಯುವುದು.

ಆಗ ಇಂಗ್ಲಂಡಿಗೂ ಮುಂಬಯಿಗೂ ತಂತಿ ಸಂಪರ್ಕವಿರಲಿಲ್ಲ. ಸುದ್ದಿ ಬರುತ್ತಿದ್ದುದು ಟಪಾಲಿನ ಹಡಗಿನಲ್ಲಿ. ಹಡಗು ಬಂದರಿನ ಹೊರಗೆ ಲಂಗರು ಹಾಕಿ, ಟಪಾಲು ಇಳಿದು, ವಿಂಗಡವಾಗಿ ವ್ಯಾಪಾರಿಗಳ ಕೈಸೇರಲು ಹಲವು ತಾಸು ಬೇಕಾಗುತ್ತಿತ್ತು. ಪ್ರೇಮಚಂದರು ಚಿಕ್ಕ ದೋಣಿಗಳಲ್ಲಿ ಆಳುಗಳನ್ನು ಸಮುದ್ರದೊಳಕ್ಕೆ ಕಳಿಸಿ, ಬರುವ ಹಡಗನ್ನು ದಾರಿಯಲ್ಲೇ ಎದುರುಗೊಂಡು ಧಾರಣೆಯ ಸುದ್ದಿ ತರಿಸಿಕೊಳ್ಳುತ್ತಿದ್ದರು. ಉಳಿದವರು ಟಪಾಲು ಒಡೆಯುವ ಹೊತ್ತಿಗೆ ಇವರ ಖರೀದಿ ಮುಗಿದಿರುತ್ತಿತ್ತು. ಸುದ್ದಿ ಬಲ್ಲವನಿಗೂ ಬಲ್ಲದವನಿಗೂ ಇರುವ ಅಂತರವೇ ಅವರ ಲಾಭ. ಆ ಅಂತರದ ಕಡೆಯ ತುದಿಯಲ್ಲಿ, ಎಲ್ಲರಿಗಿಂತ ತಡವಾಗಿ ಸುದ್ದಿ ಕೇಳುವವನಾಗಿ ಒಕ್ಕಲಿಗನಿದ್ದ.

ಕಾಗದದ ಸಿರಿ

ಹತ್ತಿಯಿಂದ ಬಂದ ಹಣ ಸುಮ್ಮನೆ ಕೂಡಲಿಲ್ಲ. ಮುಂಬಯಿಯಲ್ಲಿ ದಿನಕ್ಕೊಂದು ಬ್ಯಾಂಕು, ಹಣಕಾಸು ಕಂಪನಿ, ಸಮುದ್ರ ತುಂಬಿ ನೆಲ ಮಾಡುವ ಕಂಪನಿ ಹುಟ್ಟತೊಡಗಿದವು. ಇವುಗಳಲ್ಲಿ ಬ್ಯಾಕ್ ಬೇ ಭೂಭರ್ತಿ ಕಂಪನಿ ಬಹಳ ಹೆಸರಾದದ್ದು. ಅದರ 5,000 ರೂಪಾಯಿ ತುಂಬಿದ ಶೇರು ಪೇಟೆಯಲ್ಲಿ 50,000ದ ಆಸುಪಾಸಿಗೆ ಹೋಯಿತು. ಇವೆಲ್ಲದರ ಹಿಂದೆ ಪ್ರೇಮಚಂದರ ಕೈಯಿತ್ತು. ಯಾವ ಕಂಪನಿಗೆ ಅವರು ಹೂಂ ಎಂದರೋ ಅದರ ಶೇರು ಏರಿತೆಂದೇ ಲೆಕ್ಕ. ಸರಕಾರದ ಪಾಲೂ ಇದ್ದ ಬ್ಯಾಂಕ್ ಆಫ್ ಬಾಂಬೆ, ಅವರ ಮಾತಿನ ಮೇಲೆ, ಶೇರುಗಳನ್ನೇ ಒತ್ತೆಯಾಗಿ ನಂಬಿ, ಕೆಲವೊಮ್ಮೆ ತಕ್ಕ ಭದ್ರತೆಯೇ ಇಲ್ಲದೆ ಸಾಲ ಕೊಟ್ಟಿತು.

ಇಲ್ಲಿ ವಾಯಿದೆ ವ್ಯಾಪಾರ ಎಂದರೇನೆಂದು ಹೇಳಬೇಕು. ದೀಪಾವಳಿಗೆ ಬರುವ ಗೋವಿನಜೋಳಕ್ಕೆ ಈಗಲೇ ಒಂದು ದರ ಗೊತ್ತುಮಾಡಿ, ಮಾಲು ಮತ್ತು ಹಣ ಆ ದಿನ ಕೈಬದಲಾಗಲಿ ಎಂದು ಕರಾರು ಮಾಡಿಕೊಂಡರೆ ಅದು ವಾಯಿದೆ. ಹೊಲದಲ್ಲಿ ಮಾಲು ಇರುವವನಿಗೂ, ಗಿರಣಿಗೆ ಮಾಲು ಬೇಕಾದವನಿಗೂ ಇದು ಉಪಯುಕ್ತವೇ. ಏರಿಳಿತದ ಭಯ ಇಬ್ಬರಿಗೂ ತಪ್ಪುತ್ತದೆ. ಮಾಲೂ ಇಲ್ಲದ, ಮಾಲು ಬೇಡವೂ ಬೇಡದ ಮೂರನೆಯವನು ಬರೀ ದರದ ಏರಿಳಿತದ ಮೇಲೆ ಪಣ ಕಟ್ಟಿದರೆ ಅದು ಸಟ್ಟಾ. ಸಟ್ಟಾದವರಿಂದ ಪೇಟೆಯಲ್ಲಿ ಕೊಳ್ಳುವವರ, ಮಾರುವವರ ಸಂಖ್ಯೆ ಹೆಚ್ಚುತ್ತದೆಂಬುದು ನಿಜ. ಆದರೆ ಸಾಲದ ಹಣದಲ್ಲಿ ಪಣ ಕಟ್ಟಿದವನಿಗೆ ವಾಯಿದೆಯ ದಿನ ತಪ್ಪಿಸಿಕೊಳ್ಳುವ ದಾರಿಯಿರುವುದಿಲ್ಲ.

1865ರ ಮೊದಲ ತಿಂಗಳುಗಳಲ್ಲಿ ಮುಂಬಯಿಯ ಸಣ್ಣವರು ದೊಡ್ಡವರೆಲ್ಲ ಶೇರುಗಳ ಮೇಲೆ ಇಂಥ ವಾಯಿದೆ ಮಾಡಿದರು. ಲೆಕ್ಕ ಚುಕ್ತಾ ಮಾಡುವ ದಿನ ಜುಲೈ 1.

ಜುಲೈ 1, 1865

ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾಗತನಾದ. ಯುದ್ಧ ಮುಗಿಯಿತು. ಅಮೇರಿಕದ ಹತ್ತಿ ಮತ್ತೆ ಬರುವುದೆಂದು ತಿಳಿದೊಡನೆ ಲಿವರ್‌ಪೂಲಿನಲ್ಲಿ ಧಾರಣೆ ಬಿತ್ತು. ಸುದ್ದಿ ಮುಂಬಯಿಗೆ ಮುಟ್ಟಿದಾಗ ಕೊಳ್ಳುವವರೇ ಇಲ್ಲವಾದರು. ಅದೇ 1865ರಲ್ಲಿ ಇಂಗ್ಲಂಡ್ ಮತ್ತು ಭಾರತದ ನಡುವೆ ತಂತಿ ಕೂಡಿತ್ತು. ಹಡಗಿಗೆ ಎದುರು ದೋಣಿ ಕಳಿಸುವ ಕಾಲವೂ ಅಲ್ಲಿಗೆ ಮುಗಿಯಿತು.

ಜುಲೈ 1 ಬಂದಾಗ ವಾಯಿದೆಯ ಹಣ ಕೊಡುವವರು ಯಾರೂ ಇರಲಿಲ್ಲ. ಒಬ್ಬ ಕೊಡದಿದ್ದರೆ ಇನ್ನೊಬ್ಬ ಕೊಡಲಾರ. ಹೀಗೆ ಒಂದರ ಮೇಲೊಂದು ಪೇಢಿಗಳು ಮುಳುಗಿದವು. ಹತ್ತಾರು ಕಂಪನಿಗಳು ಹೆಸರಿಲ್ಲದಾದವು. ಬ್ಯಾಂಕ್ ಆಫ್ ಬಾಂಬೆ ತನ್ನ ಬಂಡವಾಳದ ಬಹುಪಾಲು ಕಳೆದುಕೊಂಡು 1868ರಲ್ಲಿ ಮುಚ್ಚಿತು. ಅದರ ವಿಚಾರಣೆಗೆ ಸರಕಾರ ಆಯೋಗವನ್ನೇ ನೇಮಿಸಿತು. ಬ್ಯಾಂಕಿನ ಸಾಲಗಳಲ್ಲಿ ಪ್ರೇಮಚಂದರ ಪಾತ್ರ ಆ ವಿಚಾರಣೆಯಲ್ಲಿ ಬಯಲಿಗೆ ಬಂತು. ಅವರನ್ನು ನಂಬಿ ಶೇರು ಕೊಂಡು ಮನೆ ಮಠ ಕಳೆದುಕೊಂಡವರು ಎಷ್ಟೋ ಜನ. ಈ ಹೊಣೆಯಿಂದ ಅವರನ್ನು ಬಿಡಿಸುವಂತಿಲ್ಲ.

1866ರಲ್ಲಿ ಅವರೂ ಕೈಯೆತ್ತಿದರು. ತಮ್ಮ ಆಸ್ತಿಯನ್ನು ಸಾಲ ಕೊಟ್ಟವರಿಗೆ ಬಿಟ್ಟುಕೊಟ್ಟರು. ಆಗ ಅವರ ವಯಸ್ಸು ಮೂವತ್ತೈದು. ಎಲ್ಲರಿಗಿಂತ ಮೊದಲು ಸುದ್ದಿ ತಿಳಿಯುತ್ತಿದ್ದವರು ಏಕೆ ಮುಳುಗಿದರು? ಯುದ್ಧ ಎಂದಾದರೂ ಮುಗಿಯಲೇಬೇಕೆಂಬುದು ಅವರಿಗೆ ತಿಳಿಯದ್ದಲ್ಲ. ಆದರೆ ಏರಿದ ದರವನ್ನೇ ನೆಲವೆಂದು ತಿಳಿದು ಅದರ ಮೇಲೆ ಸಾಲದಿಂದ ಕಟ್ಟಿದ್ದರು. ಕುಸಿತ ಬಂದಾಗ ಇಳಿಯಲು ಮೆಟ್ಟಿಲಿರಲಿಲ್ಲ.

ಹಳ್ಳಿಗೆ ಬಿದ್ದ ಪೆಟ್ಟು

ಮುಂಬಯಿಯ ಪೇಢಿಗಳ ಕಥೆ ಪುಸ್ತಕಗಳಲ್ಲಿ ಉಳಿಯಿತು. ಹಳ್ಳಿಯ ಕಥೆಯನ್ನು ಬರೆದಿಟ್ಟವರು ಕಡಿಮೆ. ಏರಿದ ಧಾರಣೆಯ ಕಾಲದಲ್ಲಿ ಭೂಮಿಯ ಬೆಲೆ ಏರಿತ್ತು. ರೈತನ ಪತ್ತು ಹೆಚ್ಚಿತೆಂದು ಸಾವಕಾರರು ಧಾರಾಳವಾಗಿ ಸಾಲ ಕೊಟ್ಟಿದ್ದರು. ಧಾರಣೆ ಇಳಿದ ಮೇಲೆ ಸಾಲ ಮಾತ್ರ ಇಳಿಯಲಿಲ್ಲ. ಸರಕಾರವೂ ಒಳ್ಳೆಯ ವರ್ಷಗಳ ದರ ನೋಡಿ ಹಲವೆಡೆ ಕಂದಾಯ ಏರಿಸಿತು. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳಲ್ಲಿ ಒಕ್ಕಲಿಗರು ಸಾವಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದರ ಬೆನ್ನಿಗೆ 1876ರಿಂದ 1878ರ ಮಹಾ ಬರ ಬಂದು ಧಾರವಾಡ ಜಿಲ್ಲೆಯನ್ನೂ ಹಣ್ಣುಮಾಡಿತು. ಹತ್ತಿ ಬಿತ್ತಿದ ಹೊಲ ಹಸಿದವನ ಹೊಟ್ಟೆ ತುಂಬಿಸುವುದಿಲ್ಲವೆಂಬುದು ಆಗ ಅನೇಕರಿಗೆ ಕಹಿಯಾಗಿ ತಿಳಿಯಿತು.

ತಾಯಿಯ ಹೆಸರಿನ ಗೋಪುರ

ಪ್ರೇಮಚಂದರ ಕೈಯಲ್ಲಿ ಹಾದುಹೋದ ಕೋಟಿಗಳಲ್ಲಿ ಉಳಿದದ್ದು ಅವರು ದಾನ ಮಾಡಿದ್ದು ಮಾತ್ರ. ಸಂಪತ್ತಿನ ತುದಿಯಲ್ಲಿದ್ದಾಗ, 1864ರಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ ರೂಪಾಯಿ, ಗಡಿಯಾರ ಗೋಪುರಕ್ಕೆ ಇನ್ನೂ 2 ಲಕ್ಷ ರೂಪಾಯಿ ಕೊಟ್ಟರು. ಗೋಪುರಕ್ಕೆ ತಾಯಿಯ ಹೆಸರಿಡಬೇಕೆಂಬುದೇ ಅವರ ಬೇಡಿಕೆ. 1878ರಲ್ಲಿ ಮುಗಿದ ಆ ಗೋಪುರವೇ ಇಂದಿಗೂ ನಿಂತಿರುವ ರಾಜಾಬಾಯಿ ಗೋಪುರ. ಕಣ್ಣು ಕಾಣದ ತಾಯಿ, ಜೈನ ನೇಮದಂತೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಲು ಗಂಟೆಯ ಸದ್ದಿನಿಂದ ಹೊತ್ತು ತಿಳಿಯಲೆಂದು ಅದನ್ನು ಕಟ್ಟಿಸಿದರೆಂಬ ಮಾತು ಜನರಲ್ಲಿದೆ. ಕಲಕತ್ತಾ ವಿಶ್ವವಿದ್ಯಾಲಯಕ್ಕೂ ಅವರು 2 ಲಕ್ಷ ಕೊಟ್ಟರು. ಅವರ ಹೆಸರಿನ ವಿದ್ಯಾರ್ಥಿವೇತನ ಬಹುಕಾಲ ಬಂಗಾಲದ ಜಾಣ ವಿದ್ಯಾರ್ಥಿಗಳ ದೊಡ್ಡ ಗೌರವವಾಗಿತ್ತು.

ಮುಳುಗಿದ ಮೇಲೆ ಅವರು ಊರು ಬಿಟ್ಟು ಹೋಗಲಿಲ್ಲ. ಮತ್ತೆ ದಲಾಲಿಯಿಂದಲೇ ಶುರುಮಾಡಿ ಇನ್ನೂ ನಲವತ್ತು ವರ್ಷ ಬದುಕಿದರು. 1875ರಲ್ಲಿ ದಲಾಲರೆಲ್ಲ ಸೇರಿ ಕಟ್ಟು ಕಟ್ಟಳೆಯ ಸಂಘ ಮಾಡಿದಾಗ ಅದನ್ನು ಕಟ್ಟಿದವರಲ್ಲಿ ಪ್ರೇಮಚಂದರೂ ಒಬ್ಬರು. ಅದೇ ಇಂದಿನ ಮುಂಬಯಿ ಶೇರು ಪೇಟೆ. ಹತ್ತಿಯ ವಾಯಿದೆಗೂ ನಿಯಮ ಬೇಕೆಂದು ಬಾಂಬೆ ಕಾಟನ್ ಟ್ರೇಡ್ ಅಸೋಸಿಯೇಶನ್ ಹುಟ್ಟಿದ್ದೂ 1875ರಲ್ಲೇ. 1906ರಲ್ಲಿ ಪ್ರೇಮಚಂದರು ತೀರಿಕೊಂಡರು.

ಹತ್ತಿಯ ಪೇಟೆಯಲ್ಲಿ ಕಿತ್ತಳೆ ರಸ

ಇದು ಹಳೆಯ ಕಥೆಯೆಂದು ಬಿಡುವಂತಿಲ್ಲ. ಅದೇ ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ, ಅಮೇರಿಕದ ವ್ಯಾಪಾರಿಗಳು ನ್ಯೂಯಾರ್ಕಿನಲ್ಲಿ ಹತ್ತಿಯ ವಾಯಿದೆ ಪೇಟೆ ಕಟ್ಟಿದರು. ಸುಮಾರು ನೂರು ವರ್ಷದ ನಂತರ, 1966ರಲ್ಲಿ, ಅದೇ ಹತ್ತಿ ಪೇಟೆಯಲ್ಲಿ ಕಿತ್ತಳೆ ರಸದ ವಾಯಿದೆ ಶುರುವಾಯಿತು. ಕಿತ್ತಳೆ ಕೊಳೆಯುವ ಹಣ್ಣು, ಅದರ ಮೇಲೆ ಆರು ತಿಂಗಳ ಕರಾರು ಮಾಡಲಾಗದು. 1940ರ ದಶಕದಲ್ಲಿ ಫ್ಲಾರಿಡಾದ ವಿಜ್ಞಾನಿಗಳು ರಸದ ನೀರಂಶ ತೆಗೆದು, ಗಟ್ಟಿ ಮಾಡಿ, ಹಿಮಗಟ್ಟಿಸಿಡುವ ಒಳ್ಳೆಯ ವಿಧಾನ ಕಂಡುಹಿಡಿದರು. ರಸ ತಿಂಗಳುಗಟ್ಟಲೆ ಉಳಿಯುವಂತಾದೊಡನೆ ಅದು ಹತ್ತಿಯಂತೆಯೇ ವಾಯಿದೆಯ ಮಾಲಾಯಿತು.

ಫ್ಲಾರಿಡಾದಲ್ಲಿ ಒಂದು ರಾತ್ರಿ ಹಿಮ ಬಿದ್ದರೆ ಮರುದಿನ ರಸದ ದರ ಏರುತ್ತಿತ್ತು. 1962ರ ಡಿಸೆಂಬರ್‌ನ ಹಿಮಕ್ಕೆ ಅಲ್ಲಿಯ ತೋಟಗಳು ಸುಟ್ಟಾಗ ಬ್ರೆಜಿಲ್ ದೇಶ ಕಿತ್ತಳೆ ನೆಟ್ಟು, ಮುಂದೆ ಜಗತ್ತಿನ ರಸದ ವ್ಯಾಪಾರವನ್ನೇ ಹಿಡಿಯಿತು. ಒಬ್ಬರ ಸಂಕಟದ ವರ್ಷ ಇನ್ನೊಬ್ಬರ ಬಿತ್ತನೆಯ ವರ್ಷ. 2005ರಲ್ಲಿ ಫ್ಲಾರಿಡಾಕ್ಕೆ ಗ್ರೀನಿಂಗ್ ರೋಗ ತಗಲಿತು. ನಮ್ಮ ಕೊಡಗಿನ ಕಿತ್ತಳೆಯನ್ನೂ ಕಾಡಿದ ರೋಗವೇ ಅದು. 2003-04ರಲ್ಲಿ 24 ಕೋಟಿ ಪೆಟ್ಟಿಗೆಯಷ್ಟಿದ್ದ ಅಲ್ಲಿಯ ಕಿತ್ತಳೆ 2023-24ರಲ್ಲಿ 2 ಕೋಟಿಗೂ ಕೆಳಗೆ ಇಳಿಯಿತು. ರಸದ ದರ 2024ರ ಕೊನೆಗೆ ಪೌಂಡಿಗೆ 5 ಡಾಲರ್ ದಾಟಿತು. 2025ರ ಮೊದಲ ತಿಂಗಳುಗಳಲ್ಲೇ ಅರ್ಧದಷ್ಟಕ್ಕೆ ಬಿತ್ತು. ದರ ಏರಿದಾಗ ಕುಡಿಯುವವರೂ ಕಡಿಮೆಯಾಗುತ್ತಾರೆ, ಬ್ರೆಜಿಲ್‌ನ ಹೊಸ ಬೆಳೆಯ ನಿರೀಕ್ಷೆಯೂ ಇರುತ್ತದೆ.

ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕಥೆ ಇದಕ್ಕೆ ಬಹಳ ದೂರವಿಲ್ಲ. ಮೆಣಸಿನಕಾಯಿಯೂ ಈಗ ಶೀತಗೃಹದಲ್ಲಿ ಉಳಿಯುತ್ತದೆ. ಹೊಸ ಮಾಲಿನ ದರ ನಿಲ್ಲುವುದು ಹೊಸ ಆವಕದ ಮೇಲಷ್ಟೇ ಅಲ್ಲ, ಶೀತಗೃಹದಲ್ಲಿರುವ ಹಳೆಯ ಚೀಲಗಳ ಮೇಲೂ ಹೌದು. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ದರ ಕುಸಿದಾಗ ರೈತರ ಸಂಕಟ ಮಾರುಕಟ್ಟೆಯ ಅಂಗಳದಲ್ಲೇ ಬೆಂಕಿಯಾಗಿ ಹೊತ್ತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಹತ್ತಿಯಲ್ಲೂ ಹಾಗೆಯೇ. 2025ರ ಆಗಸ್ಟ್‌ನಲ್ಲಿ ದಿಲ್ಲಿಯಲ್ಲಿ ಆಮದು ಹತ್ತಿಯ ಮೇಲಿನ ಶೇಕಡಾ 11ರ ಸುಂಕವನ್ನು ಕೆಲ ಕಾಲ ತೆಗೆದರು. ಹಿರೇಕೆರೂರಿನ ಹೊಲದಲ್ಲಿ ಕಾಯಿ ಒಡೆಯುವ ಮೊದಲೇ ನಮ್ಮವರಿಗೆ ಧಾರಣೆಯ ಚಿಂತೆ ಹತ್ತಿತು.

ರೈತರು ಗಮನಿಸಬೇಕಾದದ್ದು

ಧಾರಣೆ ಏರಿದಾಗ ಎಷ್ಟು ಏರಿತೆಂದು ಕೇಳುವುದರ ಜೊತೆಗೆ ಯಾಕೆ ಏರಿತೆಂದೂ ಕೇಳಬೇಕು. ಜನರ ಬಳಕೆಯೇ ಹೆಚ್ಚಿ ಏರಿದ್ದರೆ ಅದು ಸ್ವಲ್ಪ ಕಾಲ ನಿಂತೀತು. ಬೇರೆ ಸೀಮೆಯ ಬರ, ಯುದ್ಧ, ರೋಗ, ಹಿಮದಿಂದ ಏರಿದ್ದರೆ ಆ ಕಾರಣ ತೀರಿದ ದಿನ ದರವೂ ಇಳಿಯುತ್ತದೆ. ಅಂಥ ದರ ನೋಡಿ ಬಾವಿ, ಟ್ರ್ಯಾಕ್ಟರು, ಮದುವೆಗೆ ದೊಡ್ಡ ಸಾಲ ಮಾಡುವುದಾಗಲಿ, ಇದ್ದಬದ್ದ ಹೊಲವನ್ನೆಲ್ಲ ಒಂದೇ ಬೆಳೆಗೆ ಹಾಕುವುದಾಗಲಿ ತರವಲ್ಲ. ಮಾಲನ್ನು ಒಂದೇ ದಿನ ಮಾರದೆ, ಎರಡು ಮೂರು ಕಂತಿನಲ್ಲಿ ಮಾರಿದರೆ ಒಂದು ಕೆಟ್ಟ ದಿನದ ಪೆಟ್ಟು ಇಡೀ ವರ್ಷದ ದುಡಿಮೆಯ ಮೇಲೆ ಬೀಳುವುದಿಲ್ಲ. ತಡೆಯಲು ಕೈಯಲ್ಲಿ ಹಣವಿಲ್ಲದವರು ನೋಂದಾಯಿತ ಉಗ್ರಾಣದಲ್ಲಿ ಮಾಲಿಟ್ಟು ಅದರ ರಸೀದಿಯ ಮೇಲೆ ಬ್ಯಾಂಕಿನಿಂದ ಸಾಲ ಪಡೆಯುವ ಅನುಕೂಲವಿದೆ. ಬಡ್ಡಿ ಮತ್ತು ಬಾಡಿಗೆ ಕೂಡಿಸಿ ಲೆಕ್ಕ ಹಾಕಿಯೇ ಇಡಬೇಕು. ಸರಕಾರದ ಬೆಂಬಲ ಬೆಲೆಗಿಂತ ಪೇಟೆ ಕೆಳಗಿದ್ದರೆ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಉಪೇಕ್ಷೆ ಬೇಡ. ಮಾಲು ಶುದ್ಧವಾಗಿರಲಿ. 1863ರ ಕಾಯ್ದೆ ಯಾಕೆ ಬಂತೆಂಬುದನ್ನು ಮರೆಯಬಾರದು.

ಪ್ರೇಮಚಂದರು ಸಮುದ್ರಕ್ಕೆ ದೋಣಿ ಕಳಿಸಿ ತರಿಸುತ್ತಿದ್ದ ಸುದ್ದಿ ಈಗ ಹಂಸಭಾವಿಯ ಸಂತೆಯಲ್ಲಿ ನಿಂತವನ ಮೊಬೈಲಿನಲ್ಲೂ ಬರುತ್ತದೆ. ವಾಚನಾಲಯಕ್ಕೆ ಬರುವ ಪತ್ರಿಕೆಯಲ್ಲಿ ಬ್ಯಾಡಗಿ, ರಾಣೆಬೆನ್ನೂರು, ಹುಬ್ಬಳ್ಳಿ ಪೇಟೆಗಳ ಧಾರಣೆಯಿರುತ್ತದೆ. ಅದನ್ನು ವಾರ ವಾರ ಒಂದು ನೋಟಬುಕ್ಕಿನಲ್ಲಿ ಬರೆದಿಡುವ ಕೆಲಸವನ್ನು ಊರಿನ ಓದಿದ ಹುಡುಗರು ವಹಿಸಿಕೊಳ್ಳಲಿ. ಎರಡು ಸುಗ್ಗಿಯ ಧಾರಣೆ ಹೀಗೆ ಬರೆದಿಟ್ಟ ಊರು, ಮೂರನೆಯ ಸುಗ್ಗಿಯಲ್ಲಿ ನನ್ನಂಥವನನ್ನು ಕೇಳದೆಯೇ ಮಾರುವ ಹೊತ್ತನ್ನು ತಾನೇ ಅಳೆದುಕೊಂಡೀತು.